ಆ ಪುಸ್ತಕ ಓದಿದವರನ್ನು ಕೇಳಿದ್ದೀರಾ?

ಔಷಧದ ಅಂಗಡಿಯಲ್ಲಿ ಮಾತ್ರೆ ಕೊಳ್ಳುವಾಗ ಅದರ ಅವಧಿ ಎಂದಿಗೆ ಮುಗಿಯುತ್ತದೆಂದು ತಿರುಗಿಸಿ ನೋಡುವವರು ನೀವು. ಆದರೆ ಜಮಖಂಡಿಯ ಬಸ್ ನಿಲ್ದಾಣದಲ್ಲೋ ಊರ ಜಾತ್ರೆಯಲ್ಲೋ ಮನೆವೈದ್ಯದ ಪುಸ್ತಕ ಕೊಳ್ಳುವಾಗ ಅದು ಅಚ್ಚಾದ ವರ್ಷ ಯಾವುದು, ಬರೆದವರು ಯಾರು ಎಂದು ನೋಡುತ್ತೀರಾ? 'ಸಕ್ಕರೆ ಕಾಯಿಲೆಗೆ ಶಾಶ್ವತ ಪರಿಹಾರ' ಎಂಬ ದಪ್ಪ ಅಕ್ಷರ ಮುಖಪುಟದ ಮೇಲಿದ್ದರೆ ಸಾಕು, ಪುಸ್ತಕ ಚೀಲಕ್ಕೆ ಇಳಿಯುತ್ತದೆ.

ಆರೋಗ್ಯದ ಪುಸ್ತಕವನ್ನು ಮುಖಪುಟ ನೋಡಿ ಆರಿಸಬಾರದು, ಅದನ್ನು ಮೊದಲೇ ಓದಿದವರನ್ನು ಕೇಳಿ ಆರಿಸಬೇಕು ಎಂಬುದು ನನ್ನ ಅಭಿಪ್ರಾಯ. ಪುಸ್ತಕ ಕೈಯಿಂದ ಕೈಗೆ ದಾಟುವುದು ನಮಗೆ ಹೊಸದಲ್ಲ. ಮುಧೋಳದ ರನ್ನನಿಗೆ ಆಶ್ರಯವಿತ್ತ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಶಾಲೆಯಲ್ಲೇ ಓದಿದ್ದೇವೆ. ರಬಕವಿ-ಬನಹಟ್ಟಿಯಲ್ಲಿ ಮಗ್ಗ ನಿಂತು ಚಹಾ ಬಂದ ಹೊತ್ತಿನಲ್ಲಿ ಸೊಂಟನೋವಿನ ಮಾತು ಬಂದೇ ಬರುತ್ತದೆ. ಅದರ ಜೊತೆಗೆ ಪುಸ್ತಕದ ಮಾತೂ ಬರಲಿ.

ಆದರೆ ಕೇಳುವ ಪ್ರಶ್ನೆ ಸರಿಯಾಗಿರಬೇಕು. 'ಪುಸ್ತಕ ಚಲೋ ಐತೇನು?' ಎಂದರೆ 'ಚಲೋ ಐತಿ' ಎಂಬ ಉತ್ತರವೇ ಸಿಗುವುದು. ಓದಿದ ಮೇಲೆ ನಿಮ್ಮ ಮನೆಯಲ್ಲಿ ಏನು ಬದಲಾಯಿತು ಎಂದು ಕೇಳಿ. ಯಾವ ಸ್ಥಿತಿಯಲ್ಲಿ ವೈದ್ಯರ ಬಳಿಗೆ ಓಡಬೇಕೆಂದು ಅದರಲ್ಲಿ ಬರೆದಿದೆಯೇ ಎಂದು ಕೇಳಿ. ಆ ಮಾತೇ ಇಲ್ಲದ ಪುಸ್ತಕವನ್ನು ಅಲ್ಲೇ ಬಿಟ್ಟುಬಿಡಿ.

ಹಾವು ಕಚ್ಚಿದ ಸಂಗತಿಯನ್ನೇ ತೆಗೆದುಕೊಳ್ಳಿ. ಮುಧೋಳ, ಬೀಳಗಿಯ ಕಬ್ಬಿನ ಗದ್ದೆಗಳಲ್ಲಿ ದುಡಿಯುವವರಿಗೆ ಇದು ಕಥೆಯ ಮಾತಲ್ಲ. ಹಳೆಯ ಪ್ರಥಮ ಚಿಕಿತ್ಸೆಯ ಪುಸ್ತಕಗಳು ಗಾಯದ ಮೇಲ್ಭಾಗಕ್ಕೆ ಬಿಗಿಯಾಗಿ ಕಟ್ಟಿ, ಬ್ಲೇಡಿನಿಂದ ಕೊಯ್ದು, ವಿಷ ಹೀರಿ ಎನ್ನುತ್ತಿದ್ದವು. ಇಂದು ಈ ಮೂರೂ ತಪ್ಪು. ಬಿಗಿಯಾಗಿ ಕಟ್ಟಿದರೆ ರಕ್ತ ನಿಂತು ಕಾಲು ಕೊಳೆಯಬಹುದು. ಮಂಡಲದ ಹಾವಿನ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಕೊಯ್ದ ಗಾಯ ಸುರಿಯುತ್ತಲೇ ಇರುತ್ತದೆ. ಕಚ್ಚಿಸಿಕೊಂಡವರನ್ನು ನಡೆಸಬೇಡಿ, ಉಂಗುರ, ಕಾಲುಂಗುರ, ಬಳೆ ತೆಗೆಯಿರಿ, ಮೂಳೆ ಮುರಿದಾಗ ಕಟ್ಟುವಂತೆ ಪಟ್ಟಿಯಿಟ್ಟು ಕೈಕಾಲು ಅಲುಗದಂತೆ ಮಾಡಿ, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ. ವಿಷಕ್ಕೆ ಮದ್ದು ಪ್ರತಿವಿಷದ ಚುಚ್ಚುಮದ್ದು ಮಾತ್ರ. ಅಟ್ಟದ ಮೇಲಿನ ಅಜ್ಜನ ಕಾಲದ ಪುಸ್ತಕ ಎಷ್ಟೇ ಒಳ್ಳೆಯ ಮನಸ್ಸಿನಿಂದ ಬರೆದದ್ದಾದರೂ ಆ ಗಳಿಗೆಯಲ್ಲಿ ಕಾಲನ್ನೋ ಪ್ರಾಣವನ್ನೋ ಕಳೆಯಬಲ್ಲದು.

ಸಕ್ಕರೆ ಕಾಯಿಲೆಯಲ್ಲೂ ಹೀಗೆಯೇ. 1997ಕ್ಕೆ ಮುಂಚಿನ ಪುಸ್ತಕಗಳು ಖಾಲಿ ಹೊಟ್ಟೆಯ ರಕ್ತದಲ್ಲಿ ಸಕ್ಕರೆ 140 ಮಿಲಿಗ್ರಾಂ ಮುಟ್ಟಿದರೆ ಕಾಯಿಲೆ ಎನ್ನುತ್ತಿದ್ದವು. ಆ ವರ್ಷ ಅಮೆರಿಕದ ಮಧುಮೇಹ ಸಂಘ ಅದನ್ನು 126ಕ್ಕೆ ಇಳಿಸಿತು, ಜಗತ್ತು ಒಪ್ಪಿತು. 130 ಬಂದವರು ಹಳೆಯ ಪುಸ್ತಕ ನೋಡಿ ನೆಮ್ಮದಿಯಿಂದ ಕುಳಿತರೆ? ಕೂಸಿಗೆ ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ನೀರೂ ಬೇಡ ಎಂಬ ಸ್ಪಷ್ಟ ಸಲಹೆ ವಿಶ್ವ ಆರೋಗ್ಯ ಸಂಸ್ಥೆಯಿಂದ ಬಂದದ್ದು 2001ರಲ್ಲಿ. ಅದಕ್ಕೆ ಮೊದಲು 'ನಾಲ್ಕರಿಂದ ಆರು ತಿಂಗಳು' ಎನ್ನುತ್ತಿದ್ದರು.

ಹಾಗಾದರೆ ಹಳೆಯದೆಲ್ಲ ರದ್ದಿಗೆ ಹಾಕಬೇಕೇ? ಬೇಡ. ಡಾ. ಅನುಪಮಾ ನಿರಂಜನ ಅವರ 'ತಾಯಿ-ಮಗು' ಕನ್ನಡದ ಎಷ್ಟೋ ಮನೆಗಳಲ್ಲಿ ತವರಿನ ಅಕ್ಕನಂತೆ ಮಾತಾಡಿದ ಪುಸ್ತಕ. ಧೈರ್ಯಕ್ಕೆ ಅದನ್ನು ಓದಿ. ಲೇಖಕಿ ತೀರಿಕೊಂಡದ್ದು 1991ರಲ್ಲಿ. ಲಸಿಕೆಯ ಪಟ್ಟಿಗೆ ಮಾತ್ರ ಆಶಾ ಕಾರ್ಯಕರ್ತೆ ಕೊಟ್ಟ ತಾಯಿ ಕಾರ್ಡನ್ನೇ ನೋಡಿ.

ಇನ್ನೊಂದು ಬಗೆಯ ಪುಸ್ತಕವಿದೆ. ಅದನ್ನು ಓದಿದವರು ಯಾರಿಗೂ ಹೇಳುವುದಿಲ್ಲ. ಮಂಡಿನೋವಿನ ಪುಸ್ತಕವನ್ನು ಬೀಗರಿಗೂ ತೋರಿಸುವ ನಾವು ಮನಸ್ಸಿನ ಕಾಯಿಲೆಯ ಪುಸ್ತಕವನ್ನು ದಿಂಬಿನ ಕೆಳಗೆ ಇಡುತ್ತೇವೆ. 'ಕೊರವಂಜಿ'ಯಿಂದ ನಾಡನ್ನು ನಗಿಸಿದ ಡಾ. ಎಂ. ಶಿವರಾಂ (ರಾಶಿ) ಅವರ 'ಮನಮಂಥನ'ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ನಿಮ್ಹಾನ್ಸ್‌ನಲ್ಲಿ ದುಡಿದ ಡಾ. ಸಿ.ಆರ್. ಚಂದ್ರಶೇಖರ್ ಸರಳ ಕನ್ನಡದಲ್ಲಿ ಸಣ್ಣ ಸಣ್ಣ ಪುಸ್ತಕಗಳನ್ನು ಬರೆದು ಗುಡ್ಡೆ ಹಾಕಿದ್ದಾರೆ. ಬೆಳೆ ಕೆಟ್ಟು, ಸಾಲ ಏರಿ, ನಿದ್ದೆ ಬಾರದೆ ಒಳಗೇ ಕುಗ್ಗುತ್ತಿರುವವರ ಕೈಗೆ ಇಂಥದೊಂದನ್ನು ಕೊಟ್ಟು, 'ನಾನೂ ಓದಿದೆ, ನೀವೂ ಓದಿರಿ. ಆಮೇಲೆ ಇಬ್ಬರೂ ಕೂಡಿ ಡಾಕ್ಟರ ಹತ್ತಿರ ಹೋಗೋಣ' ಎನ್ನುವ ನೆರೆಯವರು ಬೇಕು.

ಮಾತ್ರೆ ಬಿಡಿ ಎಂದು ಹೇಳುವ ಪುಟ ಕಂಡರೆ ಆ ಪುಟದ ಸಮೇತ ನಿಮ್ಮ ವೈದ್ಯರಲ್ಲಿಗೆ ಹೋಗಿ, ಮೊದಲು ಅವರು ನೋಡಲಿ. ಗ್ರಂಥಾಲಯದ ಪುಸ್ತಕ ಮರಳಿಸುವಾಗ ಒಳಗೊಂದು ಚೀಟಿ ಇಡಿ: ಯಾವ ಭಾಗ ನಿಮಗೆ ಉಪಯೋಗವಾಯಿತು, ಯಾವುದು ಹಳತೆಂದು ವೈದ್ಯರು ಹೇಳಿದರು ಎಂದು ಎರಡು ಸಾಲು ಬರೆದರೆ ಸಾಕು. ಪುಸ್ತಕದ ಮೇಲೆಯೇ ಗೀಚಬೇಡಿ, ಗ್ರಂಥಪಾಲಕರು ಬೈದಾರು.