ಮೊಬೈಲ್ ಲೈಟು ಟಾರ್ಚ್ ಅಲ್ಲ (ಭಾಗ 3)

ಬಿಕ್ಕೋಡಿನಲ್ಲಿ ಸಂಜೆ ಬಸ್ ಇಳಿದು ಕಾಫಿ ತೋಟದ ದಾರಿ ಹಿಡಿಯೋರೇ, ಮೊಬೈಲ್ ಲೈಟ್ ನಂಬಿ ನಡೀಬೇಡಿ. ಅದು ಕಾಲಬುಡಕ್ಕಷ್ಟೇ ಬೆಳಕು. ಆನೆ ಓಡಿದ್ರೆ ಗಂಟೆಗೆ ಸುಮಾರು 25 ಕಿ.ಮೀ., ಅಂದ್ರೆ ಸೆಕೆಂಡಿಗೆ 7 ಮೀಟರ್. ಹತ್ತು ಮೀಟರಲ್ಲಿ ಕಂಡ್ರೆ ಎಷ್ಟು ಟೈಮ್ ಸಿಗುತ್ತೆ? ನಾನು ಬಿಕಾಂ, ಈ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಬೇಡ.

ಡಬ್ಬದ ಮೇಲಿನ ಲುಮೆನ್ನಿಗೆ ಮರುಳಾಗಬೇಡಿ. ಅದು ಒಟ್ಟು ಬೆಳಕು, ದೂರ ಅಲ್ಲ. ಬೀಮ್ ಡಿಸ್ಟೆನ್ಸ್ ನೋಡಿ. ಆ ದೂರದ ಕೊನೇಲಿ ಇರೋದು ಬರೀ 0.25 ಲಕ್ಸ್, ಬೆಳದಿಂಗಳಷ್ಟೇ. ಅದಕ್ಕೇ ಅರ್ಧ ಅಂತ ಹಿಡೀರಿ. ಒಂದೇ ಬಟನ್, ಮಳೆಗೆ ಐಪಿಎಕ್ಸ್4, ಜೇಬಿಗೆ ಹಿಡಿಯೋ ಸೈಜು, ಸಾಕು.

ಟಾರ್ಚ್ ಇರೋದು ಆನೆ ಓಡಿಸೋಕಲ್ಲ, ದೂರದಿಂದಲೇ ನೋಡಿ ವಾಪಸ್ ತಿರುಗೋಕೆ. "ಫೋನಿದ್ಯಲ್ಲಾ" ಅಂತೀರಾ? ಅದರ ಚಾರ್ಜು ಮನೆಗೆ ಫೋನ್ ಮಾಡೋಕೆ ಉಳೀಲಿ.

#ಬಿಕ್ಕೋಡು #ಜೇಬಿನಟಾರ್ಚ್