ಆಸೆಯೆಲ್ಲವೂ ಪಾಪವೇ?



ಕೂಲಿ ಹೆಚ್ಚಿಸಿರೆಂದು ನಾವು ಕೇಳಿದಾಗಲೆಲ್ಲ, "ಆಸೆ ಒಳ್ಳೆಯದಲ್ಲ, ಇದ್ದುದರಲ್ಲಿ ತೃಪ್ತಿಪಡಿರಿ" ಎಂಬ ಬುದ್ಧಿಮಾತು ಬರುತ್ತದೆ. ಹೇಳುವವರು ಹತ್ತನೆಯ ಆಜ್ಞೆಯನ್ನೂ ನೆನಪಿಸುತ್ತಾರೆ. ಜ್ಞಾನೋಪದೇಶ ಕಲಿಸುವ ನಾವು ಆ ಆಜ್ಞೆಯನ್ನು ಬಿಡುವಂತಿಲ್ಲ. ಆದರೆ ಅದು ತಡೆಯುವುದು ನೆರೆಯವನ ಸೊತ್ತಿನ ಮೇಲಿನ ಕಣ್ಣನ್ನು; ದುಡಿದವನು ತನ್ನ ಕೂಲಿ ಕೇಳುವುದನ್ನಲ್ಲ.

ಅರಸುಗಳ ಮೊದಲ ಗ್ರಂಥದ 21ನೆಯ ಅಧ್ಯಾಯ ತೆರೆದು ನೋಡಿರಿ. ಅಹಾಬನಿಗೆ ಅರಮನೆಯಿತ್ತು, ರಾಜ್ಯವಿತ್ತು. ಆದರೂ ನೆರೆಯವನಾದ ನಾಬೋತನ ದ್ರಾಕ್ಷಿತೋಟ ಬೇಕೆನಿಸಿತು. ರಾಣಿ ಸುಳ್ಳುಸಾಕ್ಷಿ ಹೂಡಿ ನಾಬೋತನನ್ನು ಕಲ್ಲೆಸೆದು ಕೊಲ್ಲಿಸಿದಳು. ನಾಬೋತನಿಗೂ ಒಂದು ಆಸೆಯಿತ್ತು: ಹಿರಿಯರ ಭೂಮಿ ಕೈಬಿಡಬಾರದೆಂದು. ಅರಸನ ಆಸೆ ಅವನ ಮನೆತನವನ್ನೇ ನಾಶಮಾಡಿತು. ನಾಬೋತನ ಆಸೆಗೆ ಪ್ರಾಣವೇ ಬೆಲೆಯಾಯಿತು. ಆದರೆ ದೇವರು ಅವನ ಪಕ್ಷ ವಹಿಸಿ ಎಲೀಯನನ್ನು ಕಳುಹಿಸಿದರು.

ನಮ್ಮ ಹಿರಿಯರೂ ಇಂಥದನ್ನು ಕಂಡಿದ್ದಾರೆ. ಬೀಡಿ ಕಾರ್ಮಿಕರಿಗಾಗಿ 1966ರಲ್ಲಿ ಕಾನೂನು ಬಂತು. ವಾರದ ರಜೆ, ಕೆಲಸದ ವೇಳೆಗೊಂದು ಮಿತಿ. ಅವರು ಬಯಸಿದ್ದು ಇಂಥವನ್ನೇ. 1968ರಲ್ಲಿ ಕೇರಳದಲ್ಲಿ ಅದನ್ನು ಜಾರಿಗೆ ತರಹೊರಟಾಗ ಕಣ್ಣೂರು ಜಿಲ್ಲೆಯಲ್ಲಿ ದೊಡ್ಡ ಮಾಲಿಕರು ಬೀಗ ಹಾಕಿದರು. ನಮ್ಮ ಕಾಸರಗೋಡು ಆಗ ಅದೇ ಜಿಲ್ಲೆಯಲ್ಲಿತ್ತು. ಸಾವಿರಾರು ಜನ ಕೆಲಸ ಕಳಕೊಂಡರು. ಮರುವರ್ಷ, 1969ರಲ್ಲಿ, ಸರಕಾರದ ನೆರವಿನಿಂದ ಕಾರ್ಮಿಕರದೇ ಸಹಕಾರಿ ಸಂಘವಾಗಿ ದಿನೇಶ್ ಬೀಡಿ ಹುಟ್ಟಿತು. ಮುಂದೆ ಬೀಡಿಯ ಮಾರಾಟ ಇಳಿದಾಗ ಅದೇ ಸಂಘ ಕೊಡೆ, ಮಸಾಲೆಪುಡಿಗಳ ತಯಾರಿಗೆ ತಿರುಗಿತು. ಒಬ್ಬನ ಲಾಭದಾಸೆ ಬಾಗಿಲು ಮುಚ್ಚಿತು. ಹಲವರ ನ್ಯಾಯದ ಆಸೆ ಬಾಗಿಲು ತೆರೆಯಿತು.

ಹಾಗೆಂದು ಕಾರ್ಮಿಕನ ಆಸೆಯೆಲ್ಲ ಪವಿತ್ರವೆಂದು ನಾವು ಹೇಳುವುದಿಲ್ಲ. ಬೀಡಿ ಎಣಿಸಿಕೊಳ್ಳುವವನು ಚೆನ್ನಾಗಿ ಕಟ್ಟಿದ್ದನ್ನೂ ಕೆಟ್ಟದ್ದೆಂದು ಬದಿಗಿಟ್ಟು ಹೆಂಗಸರ ಕೂಲಿ ಮುರಿದರೆ, ಅವನೂ ಒಬ್ಬ ಸಣ್ಣ ಅಹಾಬನೇ. ಅವನು ಹೊರಗಿನವನಲ್ಲ, ನಮ್ಮ ಕೇರಿಯವನೇ. ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೋಗುವ ನಮಗೂ, ಸಂಘದ ಹಣ ಜೇಬಿನಲ್ಲಿರುವಾಗ ಮನಸ್ಸು ಅತ್ತಿತ್ತ ಆದದ್ದುಂಟು. ಮನದೊಳಗಿನ ದುರಾಸೆ ಬೆಳೆದು ಮರಣದವರೆಗೆ ಒಯ್ಯುತ್ತದೆಂದು ತನ್ನ ಪತ್ರದ ಆರಂಭದಲ್ಲಿ ಎಚ್ಚರಿಸಿದ ಯಕೋಬನೇ, ಕೊನೆಯಲ್ಲಿ ಕೂಲಿ ತಡೆಹಿಡಿದ ಧನಿಕರಿಗೂ ಛೀಮಾರಿ ಹಾಕುತ್ತಾನೆ. ಒಂದನ್ನು ಓದಿ ಇನ್ನೊಂದನ್ನು ಬಿಡುವುದು ಸಲ್ಲದು.

ಆದುದರಿಂದ ಆಸೆಪಡಬೇಡಿರೆಂದು ಯಾರಾದರೂ ಹೇಳಿದರೆ, "ಯಾರ ಸೊತ್ತಿಗೆ?" ಎಂದು ವಿನಯದಿಂದ ಕೇಳೋಣ. ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಿದಾಗ ಅದೇ ಪ್ರಶ್ನೆಯನ್ನು ನಮಗೂ ಹಾಕಿಕೊಳ್ಳೋಣ.