ದಿನಾಂಕವಿಲ್ಲದ ಚಿತ್ರಗಳಿಗಾಗಿ ಕಾಯುತ್ತ

ಕಳೆದ ಭಾನುವಾರ ಮನೆಗೆ ಬಂದಿದ್ದ ತಂಗಿಯ ಮಗ ಊಟಕ್ಕೆ ಕುಳಿತಲ್ಲೇ ಮುಂಬರುವ ಚಿತ್ರಗಳ ಬಿಡುಗಡೆಯ ದಿನಾಂಕಗಳನ್ನು ಪಟಪಟನೆ ಒಪ್ಪಿಸಿದ. ಪರೀಕ್ಷೆಯ ವೇಳಾಪಟ್ಟಿಯನ್ನು ಅಷ್ಟು ಖಚಿತವಾಗಿ ಹೇಳಬಲ್ಲನೋ ಇಲ್ಲವೋ ಕಾಣೆ. ಬಳಿಕ ‘ಮಾಮ, ನೀವು ಯಾವ ಪಿಕ್ಚರ್‌ಗೆ ಕಾಯ್ತಾ ಇದೀರಿ?’ ಎಂದು ಕೇಳಿದ. ನಾನು ಹೇಳಿದ ಮೂರು ಹೆಸರುಗಳಲ್ಲಿ ಒಂದನ್ನೂ ಅವನು ಕೇಳಿರಲಿಲ್ಲ. ‘ರಿಲೀಸ್ ಯಾವತ್ತು?’ ಎಂಬ ಮರುಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ದೊಡ್ಡ ಚಿತ್ರಗಳಿಗಾಗಿ ಕಾಯುವವರನ್ನು ಹಗುರವಾಗಿ ಕಾಣುವ ಅಧಿಕಾರ ನನಗಿಲ್ಲ. ‘ಕೆ.ಜಿ.ಎಫ್: ಚಾಪ್ಟರ್ 2’ ಮೊದಲು 2020ರ ಅಕ್ಟೋಬರ್ 23ಕ್ಕೆಂದೂ ಆಮೇಲೆ 2021ರ ಜುಲೈ 16ಕ್ಕೆಂದೂ ಘೋಷಣೆಯಾಗಿ, ಕೋವಿಡ್ ಕಾಲದಲ್ಲಿ ಮುಂದಕ್ಕೆ ಹೋಗಿ, ಕಡೆಗೆ ತೆರೆಗೆ ಬಂದದ್ದು 2022ರ ಏಪ್ರಿಲ್ 14ರಂದು. ಅಷ್ಟೂ ಕಾಲ ದಿನ ಎಣಿಸಿದವರಲ್ಲಿ ನಾನೂ ಒಬ್ಬ. ಎರಡನೆಯ ದಿನಾಂಕ ಪ್ರಕಟವಾದಾಗ, ಅಂದು ರಾಷ್ಟ್ರೀಯ ರಜೆ ಸಾರಬೇಕೆಂದು ಅಭಿಮಾನಿಗಳು ಪ್ರಧಾನಿಗೇ ಪತ್ರ ಬರೆದಿದ್ದರು. ಸುದ್ದಿ ಓದಿ ನಕ್ಕೆನಾದರೂ ಒಳಗೊಳಗೇ ಆ ಬೇಡಿಕೆ ಈಡೇರಲಿ ಎಂದುಕೊಂಡಿದ್ದೆ. ‘ಟಾಕ್ಸಿಕ್’ ಚಿತ್ರ 2025ರ ಏಪ್ರಿಲ್ 10ಕ್ಕೆ ಬರುತ್ತದೆಂದು 2023ರ ಡಿಸೆಂಬರ್‌ನಲ್ಲೇ ಸಾರಲಾಗಿತ್ತು. ಆ ದಿನ ಬಂತು, ಹೋಯಿತು, ಚಿತ್ರ ಬರಲಿಲ್ಲ. ಬಿಡುಗಡೆಯ ದಿನಾಂಕವೆಂಬುದು ಈಗ ಚಿತ್ರಕ್ಕಿಂತ ಮೊದಲೇ ಮಾರಾಟಕ್ಕೆ ಸಿದ್ಧವಾಗುವ ಸರಕು.

ನನ್ನ ಪಟ್ಟಿಯ ಚಿತ್ರಗಳ ಸ್ಥಿತಿ ಇದಕ್ಕೆ ತದ್ವಿರುದ್ಧ. ಅವು ಎಂದೋ ಸಿದ್ಧವಾಗಿವೆ. ಹೊರದೇಶದವರು ನೋಡಿ ಮೆಚ್ಚಿಯೂ ಆಗಿದೆ. ನಾನು ಮಾತ್ರ ನೋಡಿಲ್ಲ.

ಮೊದಲನೆಯದು ನಟೇಶ್ ಹೆಗಡೆ ಅವರ ‘ಪೆಡ್ರೊ’. 2021ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡ ಚಿತ್ರ. ಮುಖ್ಯ ಪಾತ್ರದಲ್ಲಿರುವುದು ನಿರ್ದೇಶಕರ ತಂದೆ. ಎರಡನೆಯದು ಅವರದೇ ‘ವಾಘಾಚಿಪಾಣಿ’. 2025ರ ಫೆಬ್ರವರಿಯಲ್ಲಿ ಬರ್ಲಿನ್ ಚಿತ್ರೋತ್ಸವದ ಫೋರಂ ವಿಭಾಗದಲ್ಲಿ ಅದು ತೆರೆ ಕಂಡ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅದಕ್ಕೆ ಆಧಾರ ಅಮರೇಶ ನುಗಡೋಣಿ ಅವರ ಕಥೆ. ರಾಯಚೂರು ಸೀಮೆಯ ಬಿಸಿಲನ್ನೂ ಅಲ್ಲಿನ ಗೌಡಿಕೆಯ ದರ್ಪವನ್ನೂ ಬರೆದ ಕಥೆಗಾರರ ಕಥೆ, ಶಿರಸಿ ಕಡೆಯ ಕಾಡಿನಲ್ಲಿ ಬೆಳೆದ ನಿರ್ದೇಶಕರ ಕೈಯಲ್ಲಿ ಏನಾಗಿದ್ದೀತು? ಈ ಕುತೂಹಲ ನನಗೆ ಯಾವ ಟೀಸರ್‌ನಿಂದಲೂ ಹುಟ್ಟಿದ್ದಲ್ಲ.

ಮೂರನೆಯದು ಹೊಸ ಚಿತ್ರವೇ ಅಲ್ಲ. 1977ರ ‘ಘಟಶ್ರಾದ್ಧ’. ಗಿರೀಶ ಕಾಸರವಳ್ಳಿ ಅವರ ಈ ಮೊದಲ ಚಿತ್ರವನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಾನದನ್ನು ನೋಡಿದ್ದು ದೂರದರ್ಶನದಲ್ಲಿ, ಗೀರು ಬಿದ್ದ ಪ್ರತಿಯಲ್ಲಿ. ಅರ್ಧ ಸಂಭಾಷಣೆ ಗೊರಗೊರ ಸದ್ದಿನಲ್ಲೇ ಕರಗಿತ್ತು. ಆದರೂ ಯಮುನಕ್ಕನ ಮುಖ ಮರೆತಿಲ್ಲ. ಎಸ್. ರಾಮಚಂದ್ರ ಸೆರೆಹಿಡಿದ ಆ ಕಪ್ಪು-ಬಿಳುಪು ದೊಡ್ಡ ಪರದೆಯ ಮೇಲೆ ಹೇಗಿದ್ದೀತೆಂದು ನನ್ನ ಊರಿನ ಚಿತ್ರಮಂದಿರದಲ್ಲಿ, ಟಿಕೆಟ್ ಕೊಂಡು ನೋಡಬೇಕು. ಚಿತ್ರೋತ್ಸವದ ಪಾಸು ಹಿಡಿದು ಸರತಿಯಲ್ಲಿ ನಿಂತು, ಬಾಗಿಲಲ್ಲಿ ‘ಹೌಸ್‌ಫುಲ್’ ಎನ್ನಿಸಿಕೊಂಡು ಮರಳುವ ಚೈತನ್ಯ ಈಗ ಉಳಿದಿಲ್ಲ.

ಇಂಥ ಚಿತ್ರಗಳು ತೆರೆಗೆ ಬರುವುದೇ ಇಲ್ಲವೆಂದಲ್ಲ. 2015ರ ಆಗಸ್ಟ್‌ನಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಗೆದ್ದ ‘ತಿಥಿ’ ನಮ್ಮಲ್ಲಿಗೆ ಬಂದದ್ದು 2016ರ ಮೇ ತಿಂಗಳಲ್ಲಿ. ಕೊಪ್ಪಳ ಜಿಲ್ಲೆಯ ಹಳ್ಳಿಯಲ್ಲಿ, ಹಳ್ಳಿಗರನ್ನೇ ನಟರನ್ನಾಗಿಸಿ ಜೈಶಂಕರ್ ಆರ್ಯರ್ ಮಾಡಿದ ‘ಶಿವಮ್ಮ’ 2022ರಲ್ಲಿ ಬೂಸಾನ್‌ನ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು. ಇಲ್ಲಿ ಬಿಡುಗಡೆಯಾದದ್ದು 2024ರ ಜೂನ್‌ನಲ್ಲಿ. ಬಂದ ಮೇಲೂ ನೆಮ್ಮದಿಯಿಲ್ಲ. ಮೊದಲ ವಾರವೇ ನೋಡಿಬಿಡಬೇಕು, ಎರಡನೆಯ ವಾರ ಇರುತ್ತದೆಂಬ ಭರವಸೆ ಯಾರಿಗೂ ಇರುವುದಿಲ್ಲ. ಒಮ್ಮೆ ಸಣ್ಣ ಕನ್ನಡ ಚಿತ್ರವೊಂದಕ್ಕೆಂದು ಮಲ್ಟಿಪ್ಲೆಕ್ಸ್ ಒಂದಕ್ಕೆ ಹೋದೆ. ಇದ್ದದ್ದು ಒಂದೇ ಪ್ರದರ್ಶನ, ಮಂಗಳವಾರ ಬೆಳಿಗ್ಗೆ 10.20ಕ್ಕೆ. ಕಚೇರಿಗೆ ಅರ್ಧ ದಿನ ರಜೆ ಹಾಕಿ ಹೋದವನಿಗೆ, ನಾಲ್ಕೇ ಟಿಕೆಟ್ ಹೋಗಿದ್ದರಿಂದ ಪ್ರದರ್ಶನ ರದ್ದಾಗಿದೆಯೆಂದು ತಿಳಿಯಿತು. ದುಡ್ಡು ವಾಪಸು ಬಂತು, ಪಾಪ್‌ಕಾರ್ನ್‌ನದ್ದು ಬರಲಿಲ್ಲ.

ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿ 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಆದೇಶ ಹೊರಡಿಸಿದಾಗ ಗಾಂಧಿನಗರ ಸಂಭ್ರಮಿಸಿತು. ಅದೇ ತಿಂಗಳು ಹೈಕೋರ್ಟ್ ತಡೆ ನೀಡಿತು. ದರ ಇಳಿಯಬೇಕೆಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ದುಡಿಯುವ ಜನ ಹೋಗಲಾಗದ ಹೊತ್ತಿನ ಪ್ರದರ್ಶನಕ್ಕೆ ದರ ಇಳಿಸಿದರೆ ಅದು ಊಟಕ್ಕಿಲ್ಲದ ಉಪ್ಪಿನಕಾಯಿಯಂತೆಯೇ ಸರಿ.

ಜನ ಬರುವುದಿಲ್ಲ, ಏನು ಮಾಡೋಣ ಎಂಬುದು ಪ್ರದರ್ಶಕರ ಉತ್ತರ. ಅದನ್ನು ಪೂರ್ತಿ ತಳ್ಳಿಹಾಕಲಾರೆ. 1968ರಲ್ಲಿ ಬಾಗಿಲು ತೆರೆದ ‘ಕಪಾಲಿ’ 2017ರಲ್ಲಿ ನೆಲಕ್ಕುರುಳಿತು; 1974ರ ‘ಕಾವೇರಿ’ 2024ರಲ್ಲಿ ಮುಚ್ಚಿತು. ಖಾಲಿ ಕುರ್ಚಿಗಳಿಗೆ ದೀಪ ಉರಿಸಿ ಕುಳಿತುಕೊಳ್ಳಿ ಎಂದು ಯಾವ ಮಾಲೀಕರಿಗೂ ಹೇಳಲಾಗದು. 2025ರ ಜುಲೈನಲ್ಲಿ ಬಂದ ‘ಸು ಫ್ರಮ್ ಸೋ’ ಬಾಯಿಮಾತಿನಿಂದಲೇ ಪ್ರದರ್ಶನಗಳನ್ನು ಹೆಚ್ಚಿಸಿಕೊಂಡ ಉದಾಹರಣೆ ಕಣ್ಣೆದುರಿಗಿದೆ ನಿಜ. ಆದರೆ ಅದು ನಗಿಸುವ ಚಿತ್ರ, ಊರೆಲ್ಲ ಒಟ್ಟಿಗೆ ನಗುವ ಚಿತ್ರ. ‘ಪೆಡ್ರೊ’ದಂಥ ಮೌನದ ಚಿತ್ರಕ್ಕೆ ಅದೇ ಭಾಗ್ಯ ಬರುತ್ತದೆಂದು ನಂಬುವಷ್ಟು ಮುಗ್ಧನಲ್ಲ. ಬಾಯಿಮಾತು ಹರಡಲು ಅಂಥವಕ್ಕೆ ಮೂರು ದಿನ ಸಾಲದು, ಮೂರು ವಾರವಾದರೂ ಬೇಕು. ಆ ಮೂರು ವಾರವನ್ನು ಮಾರುಕಟ್ಟೆ ಕೊಡದು.

ಹಾಗಾದರೆ ಯಾರು ಕೊಡಬೇಕು? ನಮ್ಮ ಸರ್ಕಾರ ಗುಣಾತ್ಮಕ ಚಿತ್ರಗಳ ತಯಾರಿಕೆಗೆ ಸಹಾಯಧನ ಕೊಡುತ್ತ ಬಂದಿದೆ. ಜನರ ತೆರಿಗೆ ಹಣದಿಂದ ನೆರವು ಪಡೆದ ಚಿತ್ರವನ್ನು ಜನರಿಗೆ ತೋರಿಸುವ ಹೊಣೆಯನ್ನು ಮಾತ್ರ ಯಾರೂ ಹೊತ್ತುಕೊಂಡಿಲ್ಲ. ಪಕ್ಕದ ಕೇರಳದಲ್ಲಿ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮವೇ ಚಿತ್ರಮಂದಿರಗಳನ್ನು ನಡೆಸುತ್ತದೆ. ತಿರುವನಂತಪುರದ ಕೈರಳಿ, ಶ್ರೀ, ನಿಳ ಮಂದಿರಗಳನ್ನು ಅಲ್ಲಿನ ಚಿತ್ರೋತ್ಸವಕ್ಕೆ ಹೋದ ಕನ್ನಡಿಗರೆಲ್ಲ ಬಲ್ಲರು. 2024ರ ಮಾರ್ಚ್‌ನಲ್ಲಿ ಅದು ‘ಸಿ-ಸ್ಪೇಸ್’ ಎಂಬ ಒಟಿಟಿಯನ್ನೂ ಆರಂಭಿಸಿತು. ನಮ್ಮಲ್ಲಿ 2025ರ ಬಜೆಟ್‌ನಲ್ಲಿ ಕನ್ನಡ ಚಿತ್ರಗಳಿಗಾಗಿ ಒಟಿಟಿಯನ್ನೂ, ಬೆಂಗಳೂರಿನ ನಂದಿನಿ ಬಡಾವಣೆಯಲ್ಲಿ ಚಲನಚಿತ್ರ ಅಕಾಡೆಮಿಯ ಎರಡೂವರೆ ಎಕರೆ ಜಾಗದಲ್ಲಿ ಖಾಸಗಿ ಸಹಭಾಗಿತ್ವದ ಮಲ್ಟಿಪ್ಲೆಕ್ಸ್ ಒಂದನ್ನೂ ಘೋಷಿಸಲಾಯಿತು.

ಖಾಸಗಿ ಸಹಭಾಗಿತ್ವ ಎಂದೊಡನೆ ನನಗೆ ಆ ಮಂಗಳವಾರ ಬೆಳಗಿನ 10.20 ನೆನಪಾಗುತ್ತದೆ. ಆದ್ದರಿಂದ ಕಟ್ಟಡ ಏಳುವ ಮೊದಲೇ ಕರಾರುಪತ್ರದಲ್ಲಿ ಒಂದು ಸಾಲು ಸೇರಲಿ: ಒಂದು ಪರದೆ, ಸಂಜೆ ಏಳರ ಪ್ರದರ್ಶನ, ಒಂದು ಚಿತ್ರಕ್ಕೆ ಕನಿಷ್ಠ ಮೂರು ವಾರ. ಯಾವ ಚಿತ್ರ ಯಾವತ್ತು ಎಂಬುದನ್ನು ಮೂರು ತಿಂಗಳು ಮುಂಚೆಯೇ ಪತ್ರಿಕೆಗಳಲ್ಲಿ ಪ್ರಕಟಿಸಲಿ. ಕೊಪ್ಪಳ, ಶಿರಸಿಗಳಲ್ಲೂ ಒಂದೊಂದು ಪರದೆ ಇಂಥದ್ದಕ್ಕೆ ದೊರೆತರೆ ಆ ನೆಲದ ಚಿತ್ರವನ್ನು ಆ ನೆಲದವರೇ ನೋಡಿಯಾರು. ಅಂಥ ಮೊದಲ ಪ್ರಕಟಣೆಯನ್ನು ತಂಗಿಯ ಮಗನಿಗೆ ಕಳುಹಿಸುತ್ತೇನೆ. ಅವತ್ತಿನ ಟಿಕೆಟ್ ಖರ್ಚು ನನ್ನದು. ಪಾಪ್‌ಕಾರ್ನ್ ಅವನೇ ನೋಡಿಕೊಳ್ಳಲಿ.